ಐದು ವರ್ಷದ ಮಗು, ಟೈಪ್ 1 ಡಯಾಬಿಟಿಸ್, ಮೊದಲನೇ ಬೇಸಿಗೆ: ಅನುಭವ ಇರುವವರು ಹೇಳಿ

ಪ್ರಶ್ನೆ

ಮಗಳಿಗೆ 5 ವರ್ಷ, ತೂಕ 18 ಕೆಜಿ. ಚಳಿಗಾಲದಲ್ಲಿ ಟೈಪ್ 1 ಅಂತ ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಪೆನ್ನಿನಲ್ಲಿ ಇನ್ಸುಲಿನ್, ತೋಳಿಗೆ ಶುಗರ್ ತೋರಿಸುವ ಸೆನ್ಸರ್. ಹೇಗೋ ಹದಕ್ಕೆ ಬಂದಿತ್ತು. ಸೆಕೆ ಶುರುವಾದ ಮೇಲೆ ಅದೇ ಊಟ, ಅದೇ ಡೋಸ್, ಆದರೂ ಒಂದು ದಿನ ಲೋ (ಶುಗರ್ 70ರ ಕೆಳಗೆ), ಮರುದಿನ 300. ಇನ್ಸುಲಿನ್ ಕೆಡುತ್ತಿದೆಯಾ, ಬಿಸಿಲಿನ ಪರಿಣಾಮವಾ, ರಜೆಯ ಆಟದ್ದಾ ತಿಳಿಯುತ್ತಿಲ್ಲ. ಸೆನ್ಸರ್ ಬೆವರಿಗೆ ಮೂರೇ ದಿನಕ್ಕೆ ಕಿತ್ತು ಬರುತ್ತೆ. ಮುಂದಿನ ತಿಂಗಳು ಒಂದು ವಾರ ಬಂಧುಗಳ ಮನೆಯಲ್ಲಿ ಬಿಡಬೇಕಾಗಿದೆ. ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ: ಮಕ್ಕಳ ಡಯಾಬಿಟಿಸ್ ನರ್ಸ್

ಮೂರೂ ಇರಬಹುದು, ಮೂರೂ ಒಂದೇ ದಿನ ಇರಬಹುದು. ಸೆಕೆಗೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತೆ. ತಿಂದದ್ದು ಸಕ್ಕರೆಯಾಗಿ ಬರುವ ಮೊದಲೇ ಇನ್ಸುಲಿನ್ ಕೆಲಸ ಶುರು ಮಾಡಿರುತ್ತೆ. ಅದು ನಿಮ್ಮ ಲೋ. ಇನ್ನೊಂದು ಕಡೆ ಮೈಯಲ್ಲಿ ನೀರು ಕಡಿಮೆಯಾದಷ್ಟೂ ಶುಗರ್ ಏರುತ್ತೆ. ಏರಿದ ಶುಗರ್ ಮೂತ್ರದ ಜೊತೆ ಇನ್ನಷ್ಟು ನೀರನ್ನು ಹೊರಗೆಳೆಯುತ್ತೆ. ಅದು ನಿಮ್ಮ 300.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಬೇರೆ ಮಕ್ಕಳಲ್ಲಿ ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ ಅಂತ ಲೆಕ್ಕ. ಶುಗರ್ ಏರಿರುವ ಮಗುವಿಗೆ ಆ ಲೆಕ್ಕ ಹಿಡಿಯಲ್ಲ. ಮೈ ಒಣಗುತ್ತಿದ್ದರೂ ಮೂತ್ರ ಧಾರಾಳವಾಗಿ ಹೋಗುತ್ತಿರುತ್ತೆ. ನಾಲಿಗೆ, ತುಟಿ ಒಣಗಿದೆಯಾ, ಅಳುವಾಗ ಕಣ್ಣೀರು ಬರುತ್ತಾ, ಕಣ್ಣು ಗುಳಿ ಬಿದ್ದಿದೆಯಾ, ಇವನ್ನು ನೋಡಿ. ರಾತ್ರಿ ಹಾಸಿಗೆ ಒದ್ದೆಯಾದರೆ "ಮಲಗೋ ಮುಂಚೆ ನೀರು ಜಾಸ್ತಿ ಕುಡಿದಳು" ಅಂತ ನೀರು ನಿಲ್ಲಿಸಬೇಡಿ, ಶುಗರ್ ನೋಡಿ.

18 ಕೆಜಿ ಮಗುವಿಗೆ ದಿನಕ್ಕೆ ಒಟ್ಟು ದ್ರವ ಸುಮಾರು 1.4 ಲೀಟರ್ ಬೇಕು, ಊಟದಲ್ಲಿರುವ ನೀರೂ ಸೇರಿ. ಮೊದಲ 10 ಕೆಜಿಗೆ ಕೆಜಿಗೆ 100 ಮಿಲಿ, ಮೇಲಿನ 8 ಕೆಜಿಗೆ ಕೆಜಿಗೆ 50. ಬೆವರುವ ದಿನ ಅದಕ್ಕಿಂತ ಜಾಸ್ತಿ. ಈ ವಯಸ್ಸಿನವರು ಆಟದ ಮಧ್ಯೆ ಬಾಯಾರಿಕೆ ಅಂತ ಬಂದು ಕೇಳಲ್ಲ, ಅರ್ಧ ಗಂಟೆಗೊಮ್ಮೆ ನಾವೇ ಕರೆದು ನಾಲ್ಕು ಗುಟುಕು ಕುಡಿಸಬೇಕು.

ಇನ್ನು ಲೋ. ಬೆವರು, ಸಪ್ಪೆ ಮುಖ, ತಲೆನೋವು, ಸುಮ್ಮಸುಮ್ಮನೆ ಹಟ: ಬಿಸಿಲಿಗೆ ಬಳಲಿದರೂ ಇದೇ, ಲೋ ಆದರೂ ಇದೇ. ಮುಖ ನೋಡಿ ಹೇಳಲು ಯಾರಿಂದಲೂ ಆಗಲ್ಲ. ಬೆರಳು ಚುಚ್ಚಿ ನೋಡಿ. ಮೀಟರ್ ಕೈಗೆಟುಕದ ಜಾಗದಲ್ಲಿದ್ದರೆ ಲೋ ಅಂತಲೇ ಹಿಡಿದು ಗ್ಲೂಕೋಸ್ ಕೊಡಿ, ಆಮೇಲೆ ಅಳೆಯಿರಿ.

ಉತ್ತರ: ಟೈಪ್ 1 ಮಗುವಿನ ತಂದೆ

ಲೋ ಆದಾಗ ಎಷ್ಟು ಕೊಡಬೇಕು ಅಂತ ಮೇಲಿನವರು ಬರೆದಿಲ್ಲ. ದೊಡ್ಡವರ "15 ಗ್ರಾಂ" ಲೆಕ್ಕ ಈ ವಯಸ್ಸಿಗೆ ಜಾಸ್ತಿ, ಅಷ್ಟು ಕೊಟ್ಟರೆ ಒಂದು ಗಂಟೆಯಲ್ಲಿ 250ಕ್ಕೆ ಹೋಗಿ ನಿಲ್ಲುತ್ತೆ. ಮಕ್ಕಳಿಗೆ ಕೆಜಿಗೆ 0.3 ಗ್ರಾಂ ಗ್ಲೂಕೋಸ್. 18 ಕೆಜಿಗೆ 5ರಿಂದ 6 ಗ್ರಾಂ. 4 ಗ್ರಾಂನ ಗ್ಲೂಕೋಸ್ ಮಾತ್ರೆಯಾದರೆ ಒಂದೂವರೆ. ಸಕ್ಕರೆಯಾದರೆ ಒಂದೂವರೆ ಟೀ ಚಮಚ, ಮಟ್ಟ ಮಾಡಿದ್ದು, ಸ್ವಲ್ಪ ನೀರಿನಲ್ಲಿ ಕದಡಿ. 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ, ಇನ್ನೂ 70ರ ಕೆಳಗಿದ್ದರೆ ಅಷ್ಟೇ ಮತ್ತೊಮ್ಮೆ. ಆ 15 ನಿಮಿಷ ಸೆನ್ಸರ್ ನಂಬಬೇಡಿ. ಅದು ಚರ್ಮದ ಕೆಳಗಿನ ದ್ರವ ಅಳೆಯುತ್ತೆ, ರಕ್ತಕ್ಕಿಂತ ಹಿಂದೆ ಇರುತ್ತೆ. ಬೆರಳಲ್ಲಿ 95 ಬಂದಿದ್ದರೂ ಪರದೆಯಲ್ಲಿ 62 ಅಂತ ಕೆಂಪಗೆ ತೋರಿಸುತ್ತಾ ಇರುತ್ತೆ, ಗಾಬರಿಗೆ ಇನ್ನೊಂದು ಸಲ ಸಕ್ಕರೆ ಕುಡಿಸಿಬಿಡುತ್ತೇವೆ.

ಚಾಕೊಲೇಟ್, ಐಸ್‌ಕ್ರೀಮ್ ಲೋ ಸರಿಮಾಡುವ ಮದ್ದಲ್ಲ. ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತೆ.

ಆಟಕ್ಕೆ ಕಳಿಸುವ ಮುಂಚೆ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಿಸಿ ಕಳಿಸಿ. ಓಡಿ ಆಡುವ ಪ್ರತಿ ಗಂಟೆಗೆ ಕೆಜಿಗೆ ಅರ್ಧ ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ 9 ಗ್ರಾಂ, ಲೆಕ್ಕ ಶುರು ಮಾಡಲು ಒಳ್ಳೆ ಅಂಕಿ. ಓಡೋದಿದ್ದರೆ ತೊಡೆಗೆ ಚುಚ್ಚಬೇಡಿ, ಹೊಟ್ಟೆಗೋ ಪೃಷ್ಠಕ್ಕೋ ಹಾಕಿ. ಚುಚ್ಚಿದ ತಕ್ಷಣ ಬಿಸಿನೀರಿನ ಸ್ನಾನವೂ ಬೇಡ, ಅದೂ ಇನ್ಸುಲಿನ್ನನ್ನು ಓಡಿಸುತ್ತೆ.

ಸಂಜೆ ಚೆನ್ನಾಗಿ ಆಡಿದ ದಿನದ ಲೋ ಸಂಜೆಯೇ ಬರಬೇಕೆಂದಿಲ್ಲ. ಏಳೆಂಟು ಗಂಟೆ ಬಿಟ್ಟು, ನಡುರಾತ್ರಿ ಬರುತ್ತೆ. ಅಂಥ ದಿನ ರಾತ್ರಿ ಒಂದು ಅಲಾರಾಂ ಇಟ್ಟುಕೊಳ್ಳಿ. ರಾತ್ರಿಯ ಬೇಸಲ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ಎಷ್ಟು ಇಳಿಸಬೇಕು ಅಂತ ಡಾಕ್ಟರ್ ಹತ್ತಿರ ಈಗಲೇ ಕೇಳಿ ಬರೆಸಿಟ್ಟುಕೊಳ್ಳಿ. ರಜೆಯಲ್ಲಿ ಏಳುವುದು ತಡವಾದರೂ ಬೇಸಲ್ ಹೊತ್ತು ಮಾತ್ರ ಜಾರಬಾರದು.

ಉತ್ತರ: ಫಾರ್ಮಸಿಸ್ಟ್

ಇನ್ಸುಲಿನ್ ಬಗ್ಗೆ. ತೆರೆಯದ ಪೆನ್, ವೈಲ್ (ಇನ್ಸುಲಿನ್‌ನ ಸಣ್ಣ ಬಾಟಲಿ) ಎಲ್ಲ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿ. ಬಳಸುತ್ತಿರುವ ಪೆನ್ ಹೊರಗಿಡಬಹುದು, ಆದರೆ 30 ಡಿಗ್ರಿ ಮೀರಬಾರದು. ಹೆಚ್ಚಿನವುಗಳ ಅವಧಿ 28 ದಿನ, ಕೆಲವಕ್ಕೆ ಹೆಚ್ಚಿದೆ, ಚೀಟಿ ನೋಡಿ. ತೆರೆದ ತಾರೀಖನ್ನು ಪೆನ್ನಿನ ಮೇಲೇ ಬರೆಯಿರಿ. ಐದು ವರ್ಷದ ಮಗುವಿಗೆ ಬೀಳುವ ಡೋಸ್ ಸಣ್ಣದು, 300 ಯೂನಿಟ್‌ನ ಪೆನ್ ಖಾಲಿಯಾಗುವ ಮೊದಲೇ 28 ದಿನ ಮುಗಿದಿರುತ್ತೆ. ಉಳಿದದ್ದನ್ನು ಎಸೆಯಲು ಮನಸ್ಸು ಬರಲ್ಲ, ಆದರೆ ಎಸೆಯಲೇಬೇಕು. ಬೇಸಿಗೆಯ ಅರ್ಥವಾಗದ 300ಗಳಲ್ಲಿ ಕೆಲವು ಈ ಹಳೇ ಪೆನ್ನಿನವೇ.

ಒಂದು ಮಧ್ಯಾಹ್ನ 33 ಡಿಗ್ರಿಯಲ್ಲಿ ಇದ್ದ ಮಾತ್ರಕ್ಕೆ ಇನ್ಸುಲಿನ್ ನೀರಾಗಲ್ಲ. ಬಿಸಿಯ ಹಾನಿ ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತೆ. ನಿಲ್ಲಿಸಿದ ಕಾರು ಮಾತ್ರ ಬೇರೆ ಕಥೆ. ಬಿಸಿಲಲ್ಲಿ ಒಳಗಿನ ಶಾಖ ಕೆಲವೇ ನಿಮಿಷಗಳಲ್ಲಿ ಹೊರಗಿನದನ್ನು ಬಹಳ ಮೀರುತ್ತೆ, ಅಲ್ಲಿ ಐದು ನಿಮಿಷಕ್ಕೂ ಬಿಟ್ಟು ಹೋಗಬೇಡಿ. ಬಣ್ಣ ನೋಡಿ ನಿರ್ಧರಿಸುವುದೂ ಅರ್ಧ ಮಾತ್ರ ಸರಿ. ತಿಳಿಯಾಗಿರಬೇಕಾದದ್ದು ಮಬ್ಬಾದರೆ ಖಂಡಿತ ಎಸೆಯಿರಿ. ತಿಳಿಯಾಗಿಯೇ ಇದ್ದರೂ ಶಕ್ತಿ ಕುಂದಿರಬಹುದು.

ಇನ್ನೊಂದು ತಪ್ಪು, ತಂಪಾಗಿರಲಿ ಅಂತ ಫ್ರೀಜರ್ ಪಕ್ಕ ಇಡುವುದು, ಐಸ್ ಪ್ಯಾಕ್‌ಗೆ ಅಂಟಿಸಿ ಒಯ್ಯುವುದು. ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೆ ಚೆನ್ನಾಗಿ ಕಂಡರೂ ಬಳಸಬಾರದು. ಫ್ರಿಜ್‌ನ ಹಿಂದಿನ ಗೋಡೆಗೆ ತಾಗದಂತೆ, ನಡುವಿನ ತಟ್ಟೆಯಲ್ಲಿ ಡಬ್ಬಿಯೊಳಗೆ ಇಡಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪು ಉಳಿಯುತ್ತೆ. ವಿಮಾನದಲ್ಲಿ ಹೋದರೆ ಕೈಚೀಲದಲ್ಲೇ ಇರಲಿ, ಸರಕಿನ ಜೊತೆ ಹಾಕಿದರೆ ಹೆಪ್ಪುಗಟ್ಟಬಹುದು.

ಉತ್ತರ: ಟೈಪ್ 1 ಮಗುವಿನ ತಾಯಿ

ಹೊರಗೆ ಒಯ್ಯುವುದಕ್ಕೆ ಎರಡು ದಾರಿ. ನೀರಲ್ಲಿ ನೆನೆಸುವ ಹರಳು ತುಂಬಿದ ಬಟ್ಟೆ ಚೀಲ ಸಿಗುತ್ತೆ. ಚೀಟಿಯಲ್ಲಿ ಹೇಳಿದಷ್ಟು ನಿಮಿಷ ನೆನೆಸಿ, ಮೇಲಿನ ನೀರು ಒರೆಸಿ, ಪೆನ್ ಒಳಗಿಡಿ. ಅದು ನೀರು ಆವಿಯಾಗುವುದರಿಂದಲೇ ತಣ್ಣಗಿರುವುದು. ಗಾಳಿಯಾಡದ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಮುಚ್ಚಿದರೆ ಕೆಲಸ ಮಾಡಲ್ಲ. ಎರಡನೆಯದು ಅಗಲ ಬಾಯಿಯ ಫ್ಲಾಸ್ಕ್: ಐಸ್ ತುಂಬಿ ಹತ್ತು ನಿಮಿಷ ಬಿಟ್ಟು, ಐಸ್ ಪೂರ್ತಿ ಚೆಲ್ಲಿ, ಒಳಗೆ ಒರೆಸಿ, ಬಟ್ಟೆ ಸುತ್ತಿದ ಪೆನ್ ಇಡುವುದು.

ಫ್ರಿಜ್ ಇಲ್ಲದ ಕಡೆ ಮಡಕೆ. ದೊಡ್ಡ ಮಡಕೆಯೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಬಾಯಿಗೆ ಒದ್ದೆ ಬಟ್ಟೆ, ಒಳಗೆ ನೀರು ಸೇರದ ಡಬ್ಬಿಯಲ್ಲಿ ಇನ್ಸುಲಿನ್. ನೆರಳಲ್ಲಿ, ಗಾಳಿ ಆಡುವ ಜಾಗದಲ್ಲಿ ಇಟ್ಟು ದಿನಕ್ಕೆ ಎರಡು ಸಲ ಮರಳಿಗೆ ನೀರು ಹಾಕಬೇಕು. ಫ್ರಿಜ್ ಆಗಲ್ಲ, ಆದರೆ ಹೊರಗಿಗಿಂತ ಕೆಲವು ಡಿಗ್ರಿ ಕಡಿಮೆ ಇರುತ್ತೆ.

ಫಾರ್ಮಸಿಸ್ಟ್

ಮೇಲಿನದಕ್ಕೆ ಒಂದು ತಿದ್ದುಪಡಿ: ಚೀಲವೂ ಮಡಕೆಯೂ ಒಣ ಸೆಕೆಯಲ್ಲಿ ಚೆನ್ನ. ಗಾಳಿಯೇ ತೇವದಿಂದ ತುಂಬಿದ್ದರೆ ನೀರು ಆವಿಯಾಗಲ್ಲ, ತಂಪೂ ಬರಲ್ಲ. ಅಂಥ ಜಾಗಕ್ಕೆ ಫ್ಲಾಸ್ಕ್ ಮೇಲು. ಯಾವುದೇ ಆದರೂ ಒಳಗೊಂದು ಸಣ್ಣ ಥರ್ಮಾಮೀಟರ್ ಇಟ್ಟು ಒಂದು ದಿನ ನೋಡಿ, ಆಮೇಲೆ ನಂಬಿ.

ಕೇಳಿದವರು

ಪೆನ್ನಿನಲ್ಲಿ ಗುಳ್ಳೆ ಕಾಣುತ್ತೆ. ಮೀಟರ್ ಒಮ್ಮೊಮ್ಮೆ ಅಂಕಿ ಕೊಡದೆ ಥರ್ಮಾಮೀಟರ್ ಚಿತ್ರ ತೋರಿಸುತ್ತೆ. ಓಆರ್‌ಎಸ್ ಕೊಡಬಹುದಾ?

ನರ್ಸ್

ಗುಳ್ಳೆ ಯಾಕೆಂದರೆ ಸೂಜಿಯನ್ನು ಪೆನ್ನಿನಲ್ಲೇ ಬಿಡುತ್ತಿದ್ದೀರಿ. ಬಿಸಿಗೆ ಇನ್ಸುಲಿನ್ ಹಿಗ್ಗಿ ಸೂಜಿಯಿಂದ ತೊಟ್ಟಿಕ್ಕುತ್ತೆ, ತಣ್ಣಗಾದಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಬರುತ್ತೆ. ಪ್ರತಿ ಸಲ ಸೂಜಿ ತೆಗೆಯಿರಿ, ಹೊಸದು ಹಾಕಿ, ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಸೂಜಿ ತುದಿಯಲ್ಲಿ ಹನಿ ಕಂಡ ಮೇಲೆ ಡೋಸ್ ತಿರುಗಿಸಿ. ಒಂದು ಯೂನಿಟ್, ಒಂದೂವರೆ ಯೂನಿಟ್ ಹಾಕುವ ಮಗುವಿಗೆ ಒಂದು ಗುಳ್ಳೆ ಅಂದರೆ ಅರ್ಧ ಡೋಸ್ ಹೋದ ಹಾಗೆ.

ಥರ್ಮಾಮೀಟರ್ ಚಿತ್ರ ಅಂದರೆ ಮೀಟರ್ ಬಿಸಿಯಾಗಿದೆ. ಹೆಚ್ಚಿನವು 40 ಡಿಗ್ರಿ ಆಸುಪಾಸಿನವರೆಗೆ ಮಾತ್ರ ಓದುತ್ತವೆ. ನೆರಳಿಗೆ ತಂದು ಹತ್ತು ಹದಿನೈದು ನಿಮಿಷ ಬಿಡಿ, ಐಸ್ ಮೇಲೆ ಇಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಒಂದು ನಿಮಿಷವೂ ತೆರೆದಿರಬಾರದು, ತೇವಾಂಶ ಎಳೆದುಕೊಂಡ ಸ್ಟ್ರಿಪ್ ಸುಳ್ಳು ಹೇಳುತ್ತೆ.

ಬೆರಳೂ ಸುಳ್ಳು ಹೇಳುತ್ತೆ. ಕಲ್ಲಂಗಡಿ ತಿಂದ ಕೈಯಲ್ಲಿ ಚುಚ್ಚಿದರೆ 110 ಇರುವುದು 280 ಅಂತ ಬರಬಹುದು, ಅದನ್ನು ನಂಬಿ ಇನ್ಸುಲಿನ್ ಹಾಕಿದರೆ ಗತಿ ಏನು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಹಣ್ಣಿನ ಸಕ್ಕರೆ ಪೂರ್ತಿ ಹೋಗಲ್ಲ. ನೀರಲ್ಲಿ ತೊಳೆದು ಒರೆಸಿ. ನೀರಿಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೇ ಹನಿ ತೆಗೆದುಕೊಳ್ಳಿ.

ಓಆರ್‌ಎಸ್: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್. 200 ಮಿಲಿ ಲೋಟದಲ್ಲಿ 2.7 ಗ್ರಾಂ ಆಯಿತು. ವಾಂತಿ, ಭೇದಿ ಇದ್ದಾಗ ಧೈರ್ಯವಾಗಿ ಕೊಡಿ, ಗ್ಲೂಕೋಸನ್ನು ಲೆಕ್ಕಕ್ಕೆ ಸೇರಿಸಿ. ಸುಮ್ಮನೆ ಬಾಯಾರಿಕೆಗೆ ನೀರೇ ಸಾಕು. ಅದೇ ಥರ ಕಾಣುವ ಸಿದ್ಧ ಪಾನೀಯಗಳಲ್ಲಿ ಸಕ್ಕರೆ ಹಲವು ಪಟ್ಟು ಹೆಚ್ಚಿರಬಹುದು, 100 ಮಿಲಿಗೆ ಎಷ್ಟು ಕಾರ್ಬೋಹೈಡ್ರೇಟ್ ಅಂತ ಲೇಬಲ್ ಓದದೆ ಕೊಡಬೇಡಿ.

ಶುಗರ್ 250 ದಾಟಿ, ಕರೆಕ್ಷನ್ ಡೋಸ್ (ಏರಿದ ಶುಗರ್ ಇಳಿಸಲು ಹಾಕುವ ಇನ್ಸುಲಿನ್) ಹಾಕಿ ಎರಡು ಮೂರು ಗಂಟೆಯಾದರೂ ಇಳಿಯದಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ಮೈ ಕೊಬ್ಬು ಕರಗಿಸುವುದರಿಂದ ಬರುವ ಆಮ್ಲ) ನೋಡಿ. ರಕ್ತದಲ್ಲಿ 0.6ಕ್ಕಿಂತ ಕಡಿಮೆ ಇದ್ದರೆ ಸರಿ. 1.5 ದಾಟಿದರೆ ಆಗಲೇ ಡಾಕ್ಟರಿಗೆ ಫೋನ್. 3 ಮುಟ್ಟಿದರೆ, ಅಥವಾ ಕೀಟೋನ್ ಜೊತೆ ವಾಂತಿ ಇದ್ದರೆ ಆಸ್ಪತ್ರೆ. ಆ ಹೊತ್ತಿಗೆ ಪೆನ್ನನ್ನೂ ಅನುಮಾನಿಸಿ, ಹೊಸದು ತೆರೆದು ಹಾಕಿ. ಮಗು ಏನೂ ತಿನ್ನುತ್ತಿಲ್ಲ ಅಂತ ಬೇಸಲ್ ನಿಲ್ಲಿಸುವುದು ಮಾತ್ರ ಎಂದಿಗೂ ಬೇಡ.

ತಾಯಿ

ಸೆನ್ಸರ್ ಕಿತ್ತು ಬರುವುದಕ್ಕೆ ಅಂಟು ಕಾರಣ ಅಲ್ಲ, ಹಾಕುವ ಹೊತ್ತು ಕಾರಣ. ಸ್ನಾನ ಮಾಡಿಸಿ, ಎಣ್ಣೆ ಅಂಶ ಇಲ್ಲದ ಸೋಪಿನಲ್ಲಿ ತೋಳು ತೊಳೆದು, ಪೂರ್ತಿ ಒಣಗಿಸಿ, ಫ್ಯಾನ್ ಕೆಳಗೆ ಬೆವರು ಆರಿದ ಮೇಲೆ ಹಾಕಿ. ಆಟದಿಂದ ಬಂದ ತಕ್ಷಣ ಹಾಕಿದ್ದು ನಿಲ್ಲಲ್ಲ. ಚರ್ಮಕ್ಕೆ ಹಚ್ಚುವ ಬ್ಯಾರಿಯರ್ ವೈಪ್ ಸಿಗುತ್ತೆ, ಹಚ್ಚಿ ಅಂಟಂಟಾಗುವವರೆಗೆ ಕಾಯಬೇಕು. ಸುತ್ತ ಸನ್‌ಸ್ಕ್ರೀನ್ ಬೇಡ. ಸೆನ್ಸರ್ ಮೇಲೆ ಅಂಟಿಸುವ ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಬಟ್ಟೆಗೆ ಸಿಕ್ಕಿ ಏಳುತ್ತೆ. ಸೆನ್ಸರ್ ನಡುವೆ ತೂತು ಇರುವ ಮಾದರಿಯಾದರೆ ಅದನ್ನು ಮುಚ್ಚಬೇಡಿ. ಅಂಚು ಎದ್ದರೆ ಎಳೆಯದೆ ಕತ್ತರಿಯಲ್ಲಿ ಕತ್ತರಿಸಿ. ಹೊಸದು ಹಾಕಿದ ಮೊದಲ ದಿನ ಅಂಕಿ ಅಡ್ಡಾದಿಡ್ಡಿ, ಬೆರಳೇ ಗತಿ.

ನೀರಾಟಕ್ಕೆ ಇಳಿಸುವ ಮುಂಚೆ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ ಹೊರಗೆ ಕರೆದು ಒಮ್ಮೆ ನೋಡಿ. ನೀರಲ್ಲಿ ಬೆವರು ಕಾಣಲ್ಲ, ನಡುಗಿದರೆ ಚಳಿ ಅಂದುಕೊಳ್ಳುತ್ತೇವೆ.

ತಂದೆ

ಬಂಧುಗಳ ಮನೆಗೆ ಉದ್ದದ ಪುಸ್ತಕ ಕೊಡಬೇಡಿ, ಓದಲ್ಲ. ಅಂಗೈ ಅಗಲದ ಒಂದು ಕಾರ್ಡ್ ಸಾಕು, ದೊಡ್ಡ ಅಕ್ಷರದಲ್ಲಿ ಹೀಗೆ:

70ಕ್ಕಿಂತ ಕಡಿಮೆ: ಒಂದೂವರೆ ಗ್ಲೂಕೋಸ್ ಮಾತ್ರೆ. 15 ನಿಮಿಷ ಪಕ್ಕದಲ್ಲೇ ಕೂತಿರಿ. ಮತ್ತೆ ಚುಚ್ಚಿ ನೋಡಿ.
250ಕ್ಕಿಂತ ಹೆಚ್ಚು: ನೀರು ಕುಡಿಸಿ, ನಮಗೆ ಫೋನ್ ಮಾಡಿ. ನೀವಾಗಿ ಇನ್ಸುಲಿನ್ ಹಾಕಬೇಡಿ.
ವಾಂತಿ: ಒಂದೇ ಸಲವಾದರೂ ಫೋನ್ ಮಾಡಿ.
ಎಚ್ಚರ ಇಲ್ಲ, ಅಥವಾ ಫಿಟ್ಸ್: ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ. ಗ್ಲೂಕಗಾನ್ (ಶುಗರ್ ಏರಿಸುವ ಚುಚ್ಚುಮದ್ದು). ಆಂಬುಲೆನ್ಸ್.

ಮುಂಚೆಯೇ ಅವರ ಕೈಯಲ್ಲೇ ಎರಡು ಸಲ ಬೆರಳು ಚುಚ್ಚಿಸಿ, ನೀವು ಸುಮ್ಮನೆ ನೋಡುತ್ತಾ ನಿಲ್ಲಿ. "ಪಾಪ, ಮಗುವಿಗೆ ಯಾಕೆ ಪದೇ ಪದೇ ಚುಚ್ಚೋದು" ಅನ್ನುವವರ ಹತ್ತಿರ ಬಿಡಬೇಡಿ, ಎಷ್ಟೇ ಹತ್ತಿರದವರಾಗಲಿ.

ನರ್ಸ್

ಗ್ಲೂಕಗಾನ್ ಚುಚ್ಚುಮದ್ದು 25 ಕೆಜಿಯೊಳಗಿನ ಮಗುವಿಗೆ 0.5 ಮಿಗ್ರಾಂ, ಅಂದರೆ 1 ಮಿಗ್ರಾಂ ಕಿಟ್‌ನ ಅರ್ಧ. ನಿಮ್ಮ ಡಾಕ್ಟರ್ ಕೈಯಲ್ಲಿ ಅದನ್ನೇ ಕಾರ್ಡ್ ಮೇಲೆ ಬರೆಸಿ. ಸಿರಿಂಜಿನ ನೀರನ್ನು ಪುಡಿಯ ಬಾಟಲಿಗೆ ಹಾಕಿ, ಮೆಲ್ಲಗೆ ತಿರುಗಿಸಿ ಕರಗಿಸಿ, ಅರ್ಧ ಗುರುತಿನವರೆಗೆ ಎಳೆದು, ತೊಡೆಗೆ. ಕೊಟ್ಟ ಮೇಲೆ ವಾಂತಿ ಸಾಮಾನ್ಯ, ಪಕ್ಕಕ್ಕೆ ಮಲಗಿಸುವುದು ಅದಕ್ಕೇ. ಅವಧಿ ಮುಗಿದ ಹಳೇ ಕಿಟ್ ಇದ್ದರೆ ಎಸೆಯದೆ ಬಂಧುಗಳಿಗೆ ಒಮ್ಮೆ ಕಲಸಿ ತೋರಿಸಲು ಇಟ್ಟುಕೊಳ್ಳಿ. ಅಭ್ಯಾಸದ್ದು ಅಂತ ಮೇಲೆ ದಪ್ಪಗೆ ಬರೆದು, ಒಳ್ಳೆಯದರಿಂದ ದೂರ ಇಡಿ.