ಅಪ್‌ಡೇಟ್: ಕಿಟಕಿ ಗಾಜಿನ ನೀರು ಬಹುತೇಕ ನಿಂತಿದೆ

ಚಳಿಗಾಲದಲ್ಲಿ ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನ ತುಂಬ ನೀರು, ಮೂಲೆಯಲ್ಲಿ ಕಪ್ಪು ಬೂಷ್ಟು, ಏನು ಮಾಡಲಿ ಎಂದು ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ತೇವಾಂಶ ಅಳೆಯುವ ಮೀಟರ್ ತಂದೆ. ಮಲಗುವ ಕೋಣೆಯಲ್ಲಿ ಶೇ 70 ತೋರಿಸಿತು! ಕೋಣೆ 20 ಡಿಗ್ರಿ ಇದ್ದು ತೇವಾಂಶ ಇಷ್ಟಿದ್ದರೆ, ಗಾಜು 14 ಡಿಗ್ರಿಗೆ ಇಳಿದರೆ ಸಾಕು, ನೀರು ಕಟ್ಟುತ್ತದೆ. ಶೇ 50ಕ್ಕೆ ತಂದರೆ ಸುಮಾರು 9 ಡಿಗ್ರಿವರೆಗೂ ತೊಂದರೆಯಿಲ್ಲ. ಅಂದರೆ ಗಾಜು ಒರೆಸುತ್ತಾ ಕೂತರೆ ಆಗುವುದಿಲ್ಲ, ಗಾಳಿಯಲ್ಲಿರುವ ನೀರನ್ನೇ ಹೊರಗೆ ಕಳಿಸಬೇಕು.

ಜಾಸ್ತಿ ವ್ಯತ್ಯಾಸ ಮಾಡಿದ್ದು ಒಳಗೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿದ್ದು. ಸ್ನಾನದ ನಂತರವೂ ಸ್ವಲ್ಪ ಹೊತ್ತು ಎಕ್ಸಾಸ್ಟ್ ಫ್ಯಾನ್ ಓಡಿಸುತ್ತೇವೆ. ಬೆಳಿಗ್ಗೆ ಎದುರುಬದುರಿನ ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆಯುತ್ತೇವೆ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ಕಡಿಮೆ, ಒಳಗೆ ಬಂದು ಬಿಸಿಯಾದಾಗ ಅದು ಒಣಗಾಳಿಯೇ. ಮನೆಯಲ್ಲಿ ಚಳಿ ಅಂತ ಗೊಣಗುತ್ತಾರೆ, ಇರಲಿ ಬಿಡಿ.

ತೇವ ಹೀರಲಿ ಅಂತ ಬಟ್ಟಲಲ್ಲಿ ಉಪ್ಪು ಇಡುವ ಉಪಾಯ ಸುಮ್ನೆ, ನನಗೇನೂ ಪ್ರಯೋಜನ ಕಾಣಲಿಲ್ಲ. ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಸದ್ಯಕ್ಕೆ ಬೇಕಾಗಿಲ್ಲ.

ಒಂದು ಕಿಟಕಿ ಮಾತ್ರ ಹಾಗೇ ಇದೆ. ಅದು ಜೋಡಿ ಗಾಜಿನ ಕಿಟಕಿ, ಮಂಜು ಇರುವುದು ಎರಡು ಗಾಜುಗಳ ನಡುವೆ. ಅಂಚಿನಲ್ಲಿ ಗಾಳಿ ಒಳಗೆ ಹೋಗದಂತೆ ತಡೆಯುವ ಸೀಲ್ ಹೋಗಿದೆ, ಆ ಗಾಜನ್ನೇ ಬದಲಿಸಬೇಕು.