ಎನ್‌ಡಿಐ ಕನ್ನಡಕ್ಕೆ ತರುವಾಗ: ‘ಡ್ರೈವಿಂಗ್’ ಪ್ರಶ್ನೆ, ನೋವಿನ ಮಟ್ಟದ ಪದಗಳು

ಎಂಪಿಟಿ_ಧಾರವಾಡ
ನಮಸ್ಕಾರ. ನೆಕ್ ಡಿಸೆಬಿಲಿಟಿ ಇಂಡೆಕ್ಸ್ (ಎನ್‌ಡಿಐ, ಕುತ್ತಿಗೆ ನೋವು ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಅಂತ ಅಳೆಯುವ ಪ್ರಶ್ನಾವಳಿ, ಅಂಕ ಜಾಸ್ತಿ ಆದಷ್ಟೂ ತೊಂದರೆ ಜಾಸ್ತಿ) ಅನ್ನು ಕನ್ನಡಕ್ಕೆ ಒಗ್ಗಿಸುವ ಕೆಲಸ ಹಿಡಿದಿದ್ದೇನೆ. ಎರಡು ಅನುವಾದ ಸಿದ್ಧ, ಎರಡನ್ನೂ ಮಾಡಿದ್ದು ಫಿಸಿಯೋಗಳೇ. ನಮ್ಮ ಒಪಿಡಿಗೆ ಬರುವ ಹೆಂಗಸರಲ್ಲಿ ಹೆಚ್ಚಿನವರು ಗಾಡಿ ಓಡಿಸಲ್ಲ, ಹಾಗಾಗಿ ಡ್ರೈವಿಂಗ್ ಪ್ರಶ್ನೆ ತೆಗೆದುಬಿಡಬಹುದಾ? ‘ಮಾಡರೇಟ್’, ‘ಫೇರ್ಲಿ ಸಿವಿಯರ್’ ಇವಕ್ಕೆ ಯಾವ ಪದ ಹಾಕೋದು? ಕುತ್ತಿಗೆ ಅನ್ನಬೇಕಾ, ಗೋಣು ಅನ್ನಬೇಕಾ?

ಮಾಪನ_ಮೇಷ್ಟ್ರು
ಮೊದಲು ಕಾಪಿರೈಟ್ ಇರುವವರ ಲಿಖಿತ ಅನುಮತಿ ತಗೊಳ್ಳಿ. ಕನ್ನಡ ಆವೃತ್ತಿ ಆಗಲೇ ಇದೆಯಾ ಅಂತಲೂ ಆಗಲೇ ಕೇಳಿ, ಇದ್ದರೆ ಅರ್ಧ ಕೆಲಸ ಉಳಿಯುತ್ತದೆ.

ಅನುವಾದಕರಲ್ಲಿ ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ವೈದ್ಯಕೀಯದ ಗಂಧಗಾಳಿ ಇಲ್ಲದವರು ಇರಬೇಕು. ಇಬ್ಬರೂ ಫಿಸಿಯೋಗಳಾದರೆ ‘ವೈಯಕ್ತಿಕ ಆರೈಕೆ’, ‘ಏಕಾಗ್ರತೆ’ ಅಂತ ಪಠ್ಯಪುಸ್ತಕದ ಭಾಷೆ ಬರುತ್ತೆ. ರೋಗಿಗೆ ಬೇಕಾದ್ದು ‘ಸ್ನಾನ, ಬಟ್ಟೆ ಹಾಕಿಕೊಳ್ಳುವುದು’, ‘ಮನಸ್ಸಿಟ್ಟು ಕೆಲಸ ಮಾಡುವುದು’. ಎರಡನೆಯದನ್ನು ಬೇರೆಯವರಿಂದ ಮತ್ತೆ ಮಾಡಿಸಿ. ಎರಡನ್ನೂ ಕೂಡಿಸಿ ಒಂದು ಮಾಡಿ, ಮೂಲ ನೋಡಿರದ ಇಬ್ಬರಿಂದ ಇಂಗ್ಲಿಷಿಗೆ ಮರಳಿಸಿ, ಸಮಿತಿಯಲ್ಲಿ ಚರ್ಚಿಸಿ, ಆಮೇಲೆ 30–40 ರೋಗಿಗಳ ಮೇಲೆ ಪೂರ್ವಪರೀಕ್ಷೆ. ಪ್ರತಿ ಹಂತದಲ್ಲಿ ಯಾವ ಪದ ಯಾಕೆ ಬದಲಾಯಿತು ಅಂತ ಬರೆದಿಡಿ. ಆ ದಾಖಲೆ ಇಲ್ಲದಿದ್ದರೆ ಮುಂದೆ ಯಾವ ಪ್ರಶ್ನೆಗೂ ಸಮರ್ಥನೆ ಕೊಡಕ್ಕಾಗಲ್ಲ.

ಕುತ್ತಿಗೆ ಅಂತಲೇ ಇಡಿ, ಬೀದರಿನಿಂದ ಚಾಮರಾಜನಗರದವರೆಗೆ ಓದಿದರೆ ತಿಳಿಯುತ್ತೆ. ‘ಗೋಣು’, ‘ಕತ್ತು’ ಬೇಕಿದ್ದರೆ ಮೇಲಿನ ಸೂಚನೆಯಲ್ಲಿ ಒಮ್ಮೆ ಸೇರಿಸಿ, ಪಕ್ಕದಲ್ಲಿ ಜಾಗ ತೋರಿಸುವ ಚಿತ್ರ ಹಾಕಿ. ಕೆಲವರಿಗೆ ಭುಜದ ಮೇಲ್ಭಾಗವೂ ಕುತ್ತಿಗೆಯೇ.

ಪದ_ಪರೀಕ್ಷೆ
ಮಟ್ಟದ ಪದಗಳನ್ನು ಸಮಿತಿಯವರು ಕೂತು ಊಹಿಸೋದು ಬೇಡ. ಸ್ವಲ್ಪ, ಸುಮಾರು, ಸಾಧಾರಣ, ಮಧ್ಯಮ, ಸಾಕಷ್ಟು, ಜಾಸ್ತಿ, ತುಂಬಾ, ವಿಪರೀತ, ತಡೆಯಲಾರದಷ್ಟು: ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಕಲಸಿ, ಹತ್ತು ಹದಿನೈದು ರೋಗಿಗಳ ಕೈಗೆ ಕೊಟ್ಟು ಕಡಿಮೆಯಿಂದ ಹೆಚ್ಚಿಗೆ ಜೋಡಿಸಲು ಹೇಳಿ. ಎಲ್ಲರ ಕೈಯಲ್ಲೂ ಒಂದೇ ಜಾಗಕ್ಕೆ ಬರುವ ಪದ ಮಾತ್ರ ಉಳಿಸಿ. ‘ಸಾಧಾರಣ’ ಅಲೆದಾಡುವ ಪದ: ‘ಸಾಧಾರಣ ನೋವು’ ಅಂದರೆ ಒಬ್ಬರಿಗೆ ಮಧ್ಯಮ, ಇನ್ನೊಬ್ಬರಿಗೆ ‘ಅಂಥದ್ದೇನಿಲ್ಲ’.

ಇನ್ನೊಂದು ಹೊಂಡ ‘ಹಾರ್ಡ್ಲಿ’. ಕೆಲಸದ ಪ್ರಶ್ನೆಯಲ್ಲಿ 4 ಅಂಕದ ಉತ್ತರ ‘ಬಹುಮಟ್ಟಿಗೆ ಯಾವ ಕೆಲಸವೂ ಆಗುವುದಿಲ್ಲ’ ಅನ್ನುವ ಅರ್ಥದ್ದು. ಅದನ್ನು ‘ಕಷ್ಟಪಟ್ಟು ಕೆಲಸ ಮಾಡುತ್ತೇನೆ’ ಅಂತ ಬರೆದುಬಿಡುತ್ತಾರೆ. ಅಲ್ಲಿಗೆ ಅದು 3 ಅಂಕದ ‘ನನ್ನ ಮಾಮೂಲಿ ಕೆಲಸ ಆಗುವುದಿಲ್ಲ’ ಅನ್ನುವುದಕ್ಕಿಂತ ಹಗುರವಾಗಿ, ಏಣಿಯ ಮೆಟ್ಟಿಲೇ ತಿರುಗುಮುರುಗು. ಮರು ಅನುವಾದದಲ್ಲೂ ಇದು ಸಿಗದೆ ಹೋಗಬಹುದು, ‘ಕಷ್ಟ’ ಕಂಡವರು ‘ಹಾರ್ಡ್’ ಬರೆಯುತ್ತಾರೆ, ನೋಡುವವರಿಗೆ ಮೂಲದಂತೆಯೇ ಕಾಣುತ್ತದೆ. ರೋಗಿಗೆ ‘ಇದನ್ನ ನಿಮ್ಮ ಮಾತಲ್ಲಿ ಹೇಳಿ’ ಅಂತ ಕೇಳಿದಾಗಲೇ ಹೊರಬೀಳೋದು.

ನಿದ್ದೆಯ ಪ್ರಶ್ನೆಯಲ್ಲಿ ‘ಸ್ಲೈಟ್‌ಲಿ’, ‘ಮೈಲ್ಡ್‌ಲಿ’ ಎರಡಕ್ಕೂ ಕನ್ನಡದಲ್ಲಿ ‘ಸ್ವಲ್ಪ’ವೇ. ಆದರೆ ಅಲ್ಲಿ ನಿದ್ದೆ ಕೆಟ್ಟ ಗಂಟೆಗಳ ಲೆಕ್ಕ ಇದೆ. ಒಂದು ಗಂಟೆಗಿಂತ ಕಡಿಮೆ, 1–2, 2–3, 3–5, 5–7. ಅದನ್ನೇ ಮುಂದಿಡಿ.

ಮಾಪನ_ಮೇಷ್ಟ್ರು
ಡ್ರೈವಿಂಗ್ ತೆಗೆಯಬೇಡಿ. ಹತ್ತು ಪ್ರಶ್ನೆ, ಒಂದೊಂದಕ್ಕೆ 0–5, ಒಟ್ಟು 50 ಅನ್ನುವ ಚೌಕಟ್ಟು ಮುರಿದರೆ ಬೇರೆ ಭಾಷೆಯ ಫಲಿತಾಂಶದ ಜೊತೆ ಹೋಲಿಸಲಾಗದು. ಕಾರು, ಬೈಕು, ಸ್ಕೂಟರ್, ಟ್ರ್ಯಾಕ್ಟರ್ ಸೇರಿಸಿ ‘ವಾಹನ ಓಡಿಸುವುದು’ ಮಾಡಿ. ಬಸ್ಸಿನಲ್ಲಿ ಕೂತು ಹೋಗುವುದನ್ನು ಅದರ ಬದಲು ಹಾಕಬೇಡಿ, ಹಿಂದೆ ಬರುವ ಗಾಡಿ ನೋಡಲು ಕುತ್ತಿಗೆ ತಿರುಗಿಸುವ ಅಂಶವೇ ಅದರಲ್ಲಿಲ್ಲ. ಓಡಿಸದವರಿಗೆ ‘ಅನ್ವಯಿಸುವುದಿಲ್ಲ’ ಚೌಕ ಕೊಡಿ. ಒಂಬತ್ತಕ್ಕೆ ಉತ್ತರಿಸಿ 18 ಬಂದರೆ 18/45, ಅಂದರೆ ಶೇ. 40. ಎಷ್ಟು ಜನ ಬಿಟ್ಟರು ಅಂತ ವರದಿಯಲ್ಲಿ ಹೇಳಲೇಬೇಕು.

ಭಾರ ಎತ್ತುವುದಕ್ಕೆ 20 ಲೀಟರ್ ನೀರಿನ ಕ್ಯಾನ್ ಒಳ್ಳೆಯ ಉದಾಹರಣೆ, ಸುಮಾರು 20 ಕಿಲೋ, ಎಲ್ಲರಿಗೂ ಗೊತ್ತು. ತಲೆಹೊರೆ ಬೇಡ, ಅದು ಕುತ್ತಿಗೆಯ ಮೇಲೆ ನೇರ ಭಾರ, ಮೂಲ ಕೇಳುವುದು ನೆಲದಿಂದ ಎತ್ತುವುದನ್ನು.

ಮರುಪರೀಕ್ಷೆಗೆ (ಅದೇ ಜನರಿಂದ ಮತ್ತೊಮ್ಮೆ ತುಂಬಿಸಿ ನೋಡಲು) ಕನಿಷ್ಠ 50 ಜನ, ಒಂದೆರಡು ವಾರದ ಅಂತರ. ನಡುವೆ ಚಿಕಿತ್ಸೆಯಿಂದ ನೋವು ಇಳಿದವರನ್ನು ಸೇರಿಸಿದರೆ ಐಸಿಸಿ (ಎರಡು ಸಲದ ಅಂಕಗಳು ಎಷ್ಟು ಹೊಂದುತ್ತವೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) ಸುಮ್ಮನೆ ಕುಸಿಯುತ್ತೆ. ‘ಹಿಂದಿನ ಸಲಕ್ಕಿಂತ ಬದಲಾವಣೆ ಇದೆಯಾ’ ಅಂತ ಕೇಳಿ, ಇಲ್ಲ ಅಂದವರನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ. ಉದಾಹರಣೆಗೆ ಎಸ್‌ಡಿ (ಅಂಕಗಳ ಹರಡಿಕೆ) 8, ಐಸಿಸಿ 0.90 ಆದರೆ ಎಸ್‌ಇಎಂ (ಅಳತೆಯ ದೋಷ) ಸುಮಾರು 2.5, ಎಂಡಿಸಿ (ನಿಜವಾದ ಬದಲಾವಣೆ ಅನ್ನಲು ಬೇಕಾದ ಕನಿಷ್ಠ ವ್ಯತ್ಯಾಸ) ಸುಮಾರು 7. ಇದು 50ಕ್ಕೆ 7, ಶೇಕಡಾದಲ್ಲಿ 14. ಅಂಕವೋ ಶೇಕಡಾವೋ ಅಂತ ಪ್ರತಿ ಕೋಷ್ಟಕದಲ್ಲೂ ಬರೆಯಿರಿ.

ಎಂಪಿಟಿ_ಧಾರವಾಡ
ತುಂಬಾ ಉಪಕಾರ ಆಯ್ತು ಸರ್. ಮೈಲೋಪತಿ (ಕುತ್ತಿಗೆಯಲ್ಲಿ ನರಹುರಿ ಒತ್ತಿ ಬರುವ ತೊಂದರೆ) ಇರುವ ಕೆಲವರೂ ಬರುತ್ತಾರೆ. ಅವರನ್ನೂ ಇದೇ ಗುಂಪಿಗೆ ಸೇರಿಸಲಾ?

ಪದ_ಪರೀಕ್ಷೆ
ಬೇಡ. ನರಹುರಿ ಒತ್ತಿದವರಲ್ಲಿ ನೋವು ಕಡಿಮೆ ಇದ್ದು ಕೈಯ ಚಳಕ ಹೋಗಿರಬಹುದು, ಎನ್‌ಡಿಐಯಲ್ಲಿ ಕೈಬೆರಳಿನ ಪ್ರಶ್ನೆಯೇ ಇಲ್ಲ. ಅವರಿಗೆ ಎಂಜೆಒಎ (ನರಹುರಿ ತೊಂದರೆಯ ತೀವ್ರತೆ ಅಳೆಯುವ ಜಪಾನಿ ಮಾಪನದ ಮಾರ್ಪಾಡು) ಬೇರೆಯಾಗಿ ಹಾಕಿ, ಒಟ್ಟು 18 ಅಂಕ, ತುಂಬುವುದು ವೈದ್ಯರು. ಜಪಾನಿನ ಮೂಲದಲ್ಲಿ ಚಾಪ್‌ಸ್ಟಿಕ್ ಇತ್ತು, ಮಾರ್ಪಾಡಿನಲ್ಲಿ ಚಮಚ ಮತ್ತು ಅಂಗಿಯ ಗುಂಡಿ ಬಂದವು. ಚಮಚ ಹಿಡಿಯದವರನ್ನು ಅನ್ನ ಕಲಸಿ ತುತ್ತು ಬಾಯಿಗಿಡಲು ಆಗುತ್ತಾ, ಸೀರೆ ಉಡುವವರನ್ನು ರವಿಕೆ ಹುಕ್ಕು ಹಾಕಲು ಆಗುತ್ತಾ ಅಂತ ಕೇಳಿ, ಕೇಳಿದ ವಾಕ್ಯವನ್ನು ಎಲ್ಲರಿಗೂ ಒಂದೇ ಥರ ಇರುವಂತೆ ಫಾರ್ಮಿನಲ್ಲೇ ಅಚ್ಚು ಹಾಕಿಸಿ.