ಸಹಾಯ ಬೇಕು: ದಾವಣಗೆರೆ ನಿಟುವಳ್ಳಿಯಲ್ಲಿ ಅಜ್ಜಿಯ ಆರೈಕೆಗೆ ಅನುಭವಿ ಹೋಂ ನರ್ಸ್

82 ವರ್ಷದ ಅಜ್ಜಿ. ಸೊಂಟದ ಮೂಳೆಯ ಆಪರೇಷನ್ ಆಗಿ ಹಾಸಿಗೆಯಲ್ಲಿದ್ದಾರೆ, ಸಕ್ಕರೆ ಕಾಯಿಲೆಯೂ ಇದೆ. ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಹೆಣ್ಣುಮಕ್ಕಳೇ ಬೇಕು. ಗಂಡಸರ ಕೈಲಿ ಸ್ನಾನಕ್ಕೆ ಅವರು ಒಪ್ಪುವುದಿಲ್ಲ.

ಮುಖ್ಯ ವಿಷಯ ಇನ್ಸುಲಿನ್. ಇಷ್ಟಲಿಂಗ ಪೂಜೆ ಆಗದೆ ಅಜ್ಜಿ ತುತ್ತು ಮುಟ್ಟುವುದಿಲ್ಲ. ತಿಂಡಿಗೆ ಅರ್ಧ ಗಂಟೆ ಮುಂಚೆ ಅಂತ ಸೂಜಿ ಚುಚ್ಚಿ, ಪೂಜೆ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ, ಗೊಂದಲ ಶುರುವಾಗುತ್ತದೆ. ಅದಕ್ಕೇ ಮೊದಲು ಪೂಜೆ, ಆಮೇಲೆ ಗ್ಲುಕೋಮೀಟರ್, ಇನ್ಸುಲಿನ್, ತಿಂಡಿ. ಎದ್ದ ಕೂಡಲೇ ಒಮ್ಮೆ ಸಕ್ಕರೆ ನೋಡುವುದೂ ಬೇಕು. 70ಕ್ಕಿಂತ ಕಡಿಮೆ ಬಂದರೆ ಇನ್ಸುಲಿನ್ ತಡೆದು, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಡಾಕ್ಟರಿಗೆ ಫೋನ್ ಮಾಡಬೇಕು. ಪೂಜೆ ಬಿಡಿಸಲು ಹೋಗುವವರು ದಯವಿಟ್ಟು ಬೇಡ, ಅಜ್ಜಿ ಊಟವನ್ನೇ ಬಿಡುತ್ತಾರೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮಂಡಿಗಳ ನಡುವೆ ದಿಂಬು ಇಟ್ಟೇ. ಆಗ ಕೊರಳಲ್ಲಿರುವ ಲಿಂಗದ ಕರಡಿಗೆ (ಇಷ್ಟಲಿಂಗ ಇಡುವ ಪುಟ್ಟ ಡಬ್ಬಿ) ಮೈಕೆಳಗೆ ಸಿಕ್ಕಿದರೆ ಚರ್ಮ ಒತ್ತಿ ಹುಣ್ಣಾಗುತ್ತದೆ. ಸರಿಸುವ ಮುನ್ನ ಅಜ್ಜಿಯನ್ನೇ ಕೇಳಿ, ಅವರ ಕೈಯಿಂದಲೇ ಸರಿಸಿಸಿ. ಸ್ನಾನದ ನಂತರ ಶಿವದಾರ (ಕರಡಿಗೆ ಕಟ್ಟಿದ ದಾರ) ಒದ್ದೆ ಉಳಿಯಬಾರದು, ಕುತ್ತಿಗೆ ಮಡಿಕೆ ಕೆಂಪಾಗುತ್ತದೆ.

ಗೊತ್ತಿರುವವರಿದ್ದರೆ ಸಂಬಳದ ನಿರೀಕ್ಷೆಯೊಂದಿಗೆ ಇನ್‌ಬಾಕ್ಸ್ ಮಾಡಿ. ಈ ವಾರವೇ ಬೇಕು.